ರಂಗೋಲಿ ಪುಡಿಯಲ್ಲಿ ಹಾಕಿದ ಎಂಟು

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ನಷ್ಟವಿಲ್ಲ. ನಮ್ಮ ಬೀದಿಯಲ್ಲಿ ನಾನು ಹೇಳಿದ್ದನ್ನು ಯಾರೂ ನಂಬುವುದಿಲ್ಲ, ಆದರೂ ಸಂಜೆಯಾದರೆ ಜಗಲಿಯ ಮೇಲೆ ಜಾಗ ಹಿಡಿದು ಕೂರುತ್ತಾರೆ. ಅಗ್ರಹಾರದ ನಮ್ಮ ಬೀದಿ ಎಷ್ಟು ಅಗಲ ಎಂದರೆ, ಒಂದು ಆಟೋ ಒಳಗೆ ಬಂದರೆ ಎರಡೂ ಕಡೆಯ ಮನೆಯವರು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಅಂಥ ಬೀದಿಯಲ್ಲಿ ನಾನು ಬೈಕು ಕಲಿಯಲು ಹೋಗಿ, ಅಲ್ಲಿನ ಹೆಂಗಸರಿಗೆಲ್ಲ ಹತ್ತು ದಿನದ ವ್ರತ ಹಿಡಿಸಿದೆ.

ಬೈಕು ಅಪ್ಪನದು. ಸೊಂಟ ನೋವು ಶುರುವಾದ ಮೇಲೆ ಅವರು ಸ್ಕೂಟರಿಗೆ ಇಳಿದರು. ಸ್ಕೂಟರ್ ಎಂದರೆ ಏನೆಂದು ನನ್ನನ್ನು ಕೇಳಿದರೆ, ಚಕ್ರ ಕಟ್ಟಿದ ಕುರ್ಚಿ ಎನ್ನುತ್ತೇನೆ. ಗೇರಿಲ್ಲ, ಕ್ಲಚ್ಚಿಲ್ಲ, ಮರ್ಯಾದೆಯಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗೆ ಮಂಡಿ ಜೋಡಿಸಿ ಕೂತರೆ ಅದೇ ಹೋಗುತ್ತದೆ. ನನ್ನ ಕಾಲೇಜಿನ ಅರ್ಧ ಹುಡುಗಿಯರು ಹಾಗೆ ಬರುತ್ತಾರೆ, ಇನ್ನರ್ಧ ಬಸ್ಸಿನಲ್ಲಿ ಬರುತ್ತಾರೆ. ನಾನು ಬೈಕಿನಲ್ಲಿ ಬರುವವಳು ಎಂದು ಮೊದಲ ವಾರವೇ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಬೈಕು ಸರ್ವೀಸಿಗೆ ಹೋಗಿದೆ ಎಂದು ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದೆ. ಅಷ್ಟು ದಿನದಲ್ಲಿ ರೈಲನ್ನೇ ಬಿಚ್ಚಿ ಜೋಡಿಸಬಹುದು.

ಆ ಬೈಕಿನ ಮೇಲೆ ಇನ್ನೊಬ್ಬನ ಕಣ್ಣೂ ಇತ್ತು. ಚಿಕ್ಕಪ್ಪನ ಮಗ. ಮನೆ ಒಂಟಿಕೊಪ್ಪಲಿನಲ್ಲಿ, ಆದ್ದರಿಂದ ಇಲ್ಲಿ ಅವನನ್ನು ಒಂಟಿಕೊಪ್ಪಲು ಎಂದೇ ಕರೆಯುತ್ತೇನೆ, ಆ ಬಡಾವಣೆಯವರು ಕ್ಷಮಿಸಬೇಕು. ನನಗಿಂತ ಮೂರು ತಿಂಗಳು ದೊಡ್ಡವನು. ಆ ಮೂರು ತಿಂಗಳಲ್ಲಿ ಅವನು ಕಲಿತದ್ದು ತಲೆ ಬಾಚುವುದೊಂದೇ. ಹೇಗೋ ಲೈಸೆನ್ಸು ಮಾಡಿಸಿಕೊಂಡಿದ್ದ. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು, ಬೈಕಿನ ಮೇಲೆ ಹೊದಿಸಿದ್ದ ಹಳೇ ಜಮಖಾನ ಎತ್ತಿ, ತನ್ನ ಕರ್ಚೀಫಿನಲ್ಲಿ ಟ್ಯಾಂಕು ಒರೆಸಿ ಹೋಗುತ್ತಿದ್ದ. ಮೂಗು ಒರೆಸುವುದೂ ಅದೇ ಕರ್ಚೀಫಿನಲ್ಲಿ.

ಒಂದು ಭಾನುವಾರ ನಾನೂ ಅವನೂ ಇಬ್ಬರೂ ಒಟ್ಟಿಗೆ ಕೇಳಿಬಿಟ್ಟೆವು. ಅಪ್ಪ ತಿಂಡಿ ತಿನ್ನುತ್ತಿದ್ದರು. ಅವರ ಕೆಲಸ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಮದುವೆ ಕಾಗದಗಳು ಅಚ್ಚಿಗೆ ಹೋಗುವ ಮುಂಚೆ ತಪ್ಪು ಹುಡುಕುವುದು. ಇಪ್ಪತ್ತೈದು ವರ್ಷ ಅದನ್ನೇ ಮಾಡಿದ ಮನುಷ್ಯನಿಗೆ ಹುಣ್ಣಿಮೆ ಚಂದ್ರ ತೋರಿಸಿದರೂ ಮೊದಲು ಕಲೆ ಕಾಣುತ್ತದೆ. ದೋಸೆಯ ಸೀದ ಅಂಚನ್ನು ಬೇರೆ ತೆಗೆದಿಡುತ್ತಾ ಹೇಳಿದರು:

"ಲೈಸೆನ್ಸು ಯಾರಿಗೆ ಬೇಕಾದ್ರೂ ಸಿಗುತ್ತೆ. ಇವನಿಗೇ ಸಿಕ್ಕಿದೆ. ನೀನು ಪರೀಕ್ಷೆಲಿ ಗಾಡೀಲಿ ಎಂಟು ಹಾಕ್ತೀಯಲ್ಲ, ಆಗ ಒಂದ್ಸಲನೂ ಕಾಲು ಊರಬಾರ್ದು. ಊರ್ಲಿಲ್ಲ, ಗಾಡಿ ನಿಂದು. ಊರ್ದೆ, ಅವತ್ತೇ ಸಂಜೆ ಇವನು ತಗೊಂಡು ಹೋಗ್ತಾನೆ."

"ದೊಡ್ಡಪ್ಪ, ನಾನು ಗಾಡಿಗೆ ಕವರ್ ತಂದ್ಬಿಡ್ಲಾ?" ಎಂದ ಒಂಟಿಕೊಪ್ಪಲು.

"ಮೊದ್ಲು ಕರ್ಚೀಫ್ ತಂದ್ಕೊ, ಬೇರೇದು," ಎಂದೆ ನಾನು.

ನನಗೆ ಕಲಿಸಲು ಬಂದವರು ಸೋದರಮಾವ. ಕೆಸರೆಯಲ್ಲಿ ಮನೆ, ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾರೆ. ನಲವತ್ತು ಮಕ್ಕಳು ಒಟ್ಟಿಗೆ ಕಿರುಚುವ ಗಾಡಿಯನ್ನು ಹದಿನೈದು ವರ್ಷ ಓಡಿಸಿದ್ದರಿಂದ ಅವರಿಗೆ ಎಡಗಿವಿ ಸ್ವಲ್ಪ ಮಂದ, ಆದರೆ ತಾಳ್ಮೆ ಎಮ್ಮೆಯದು. ಅವರ ಮನೆಯ ಹಿಂದೆ ಯಾರೂ ಮನೆ ಕಟ್ಟದ ಸೈಟುಗಳಿವೆ. ಶಾಲೆ ರಜೆಯ ದಿನ ಅಲ್ಲಿ ನಾನು, ಮಾವ, ಮತ್ತು ಏನು ಕಂಡರೂ ಏಳದ ಹನ್ನೊಂದು ಮೇಕೆಗಳು.

"ಕ್ಲಚ್ಚು ಅಂದ್ರೆ ಮೊಸರು ಗಡಿಗೆ ಮುಚ್ಚಳ ಇದ್ದಂಗೆ ಕಣಮ್ಮ," ಎಂದರು ಮಾವ. "ನಿಧಾನಕ್ಕೆ ಎತ್ಬೇಕು. ಪಟ್ ಅಂತ ಬುಟ್ಟೆ, ಎಲ್ಲಾ ನೆಲಕ್ಕೆ."

ನಾನು ಪಟ್ ಅಂತ ಬಿಟ್ಟೆ. ಬೈಕು ಕುದುರೆಯ ಹಾಗೆ ಮುಂಗಾಲು ಎತ್ತಿತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಒಂದು ಸಲ ಕೆಮ್ಮಿ ಆಫ್ ಆಯಿತು. ಹದಿನಾಲ್ಕು ಸಲ ಕೆಮ್ಮಿತು. ಹದಿನೈದನೆಯ ಸಲ ಹೊರಟಾಗ ಒಂದು ಮೇಕೆ ಮೊದಲ ಬಾರಿಗೆ ತಲೆ ಎತ್ತಿ ನೋಡಿತು.

ಹೊಸದಾಗಿ ಕಲಿಯುವ ದಡ್ಡರು ಇದನ್ನು ಓದುತ್ತಿದ್ದರೆ, ಕೆಲವು ಮಾತು ಪುಕ್ಕಟೆಯಾಗಿ ಕೊಡುತ್ತೇನೆ. ಕ್ಲಚ್ಚು ಬಿಡುತ್ತಾ ಹೋದರೆ ಒಂದು ಜಾಗದಲ್ಲಿ ಗಾಡಿ ಸಣ್ಣಗೆ ಮುಂದಕ್ಕೆ ಜಗ್ಗುತ್ತದೆ. ನಿಮ್ಮ ಬೆರಳು ಆ ಜಾಗವನ್ನು ಕಂಡುಕೊಳ್ಳುವವರೆಗೆ ಆಕ್ಸಿಲರೇಟರು ಮುಟ್ಟಬೇಡಿ. ನಿಮ್ಮ ಅಣ್ಣಂದಿರು ಮೊದಲು ಆಕ್ಸಿಲರೇಟರನ್ನೇ ತಿರುಗಿಸಿ ತೋರಿಸುತ್ತಾರೆ, ಏಕೆಂದರೆ ಅವರಿಗೆ ಗೊತ್ತಿರುವುದು ಸದ್ದು ಮಾಡುವುದು ಮಾತ್ರ. ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದರೆ ನೀವು ಒಂದು ಕಡೆ, ಗಾಡಿ ಇನ್ನೊಂದು ಕಡೆ. ನಿಧಾನಕ್ಕೆ ತಿರುಗುವಾಗ ಹಿಂದಿನ ಬ್ರೇಕಿನ ಮೇಲೆ ಕಾಲು ಸುಮ್ಮನೆ ಇಟ್ಟಿರಿ, ಸೊಳ್ಳೆಯ ಮೇಲೆ ಇಟ್ಟ ಹಾಗೆ, ಅದು ಸಾಯಬಾರದು. ಸೈಡ್ ಸ್ಟ್ಯಾಂಡು ಎತ್ತಿ. ದುಪಟ್ಟಾ ಮನೆಯಲ್ಲಿ ಬಿಟ್ಟು ಬನ್ನಿ. ಚೈನಿಗೆ ಸಿಕ್ಕಿದರೆ ಅದು ನಿಮ್ಮ ಕತ್ತು ಯಾರದೆಂದು ವಿಚಾರಿಸುವುದಿಲ್ಲ. ಹೆಲ್ಮೆಟಿನ ಪಟ್ಟಿ ಹಾಕಿ. ಪಟ್ಟಿ ಹಾಕದ ಹೆಲ್ಮೆಟು ಬೀಳುವಾಗ ನಿಮಗಿಂತ ಮೊದಲು ಇಳಿದು ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ. ಗುಂಡಿ ನೋಡಿದರೆ ಗುಂಡಿಗೇ ಹೋಗುತ್ತೀರಿ. ನಾನು ಮೇಕೆ ನೋಡಿದ್ದೆ.

ಮೂರು ವಾರದಲ್ಲಿ ನೇರಕ್ಕೆ ಓಡಿಸುವುದು ಬಂತು. ಎಂಟು ಬರಲಿಲ್ಲ. ಕೆಸರೆಯ ಸೈಟುಗಳಲ್ಲಿ ಕಲ್ಲು, ಹಳ್ಳ, ಮೇಕೆ. ಇತ್ತ ಪರೀಕ್ಷೆಗೆ ಮೊಬೈಲಿನಲ್ಲಿ ಸ್ಲಾಟು ಸಿಕ್ಕಿಬಿಟ್ಟಿತ್ತು, ಇನ್ನು ಹನ್ನೊಂದು ದಿನ.

"ನಿಮ್ಮ ಬೀದಿ ಕೊನೇಲಿ, ಮುಚ್ಚಿದ ಬಾವಿ ಮುಂದೆ ಜಾಗ ಐತಲ್ಲ," ಎಂದರು ಮಾವ. "ಅಲ್ಲೊಂದು ಗೆರೆ ಎಳ್ಕೊ, ಇಂಗ್ಲಿಷ್ ಎಂಟು. ಗೆರೆ ಪಕ್ಕದಲ್ಲೇ ಓಡ್ಸು. ದಿನಾ ಬೆಳಿಗ್ಗೆ ಇಪ್ಪತ್ತು ಸುತ್ತು. ಕಾಲು ಅನ್ನೋದು ಐತೆ ಅಂತಲೇ ಮರ್ತೋಯ್ತದೆ."

"ಯಾವುದ್ರಲ್ಲಿ ಎಳೀಲಿ?"

"ಸುಣ್ಣನೋ ಏನೋ. ಅದನ್ನೂ ನಾನೇ ಯೋಳ್ಬೇಕಾ?"

ಮನೆಯಲ್ಲಿ ಸುಣ್ಣ ಇರಲಿಲ್ಲ. ರಂಗೋಲಿ ಪುಡಿ ಇತ್ತು. ಇಲ್ಲಿ ನಿಮಗೊಂದು ವಿಷಯ ಹೇಳಬೇಕು: ನಾನು ಹುಟ್ಟಿದಾಗಿನಿಂದ ಅಮ್ಮನಿಗೆ ಇದ್ದ ಆಸೆ ಒಂದೇ, ಮಗಳು ಬೆಳಿಗ್ಗೆ ಎದ್ದು ಬಾಗಿಲಿಗೆ ರಂಗೋಲಿ ಹಾಕಬೇಕು. ಹದಿನೆಂಟು ವರ್ಷದಲ್ಲಿ ನಾನು ಹಾಕಿದ್ದು ಸೊನ್ನೆ, ಅಂದರೆ ಒಂದೂ ಇಲ್ಲ. ಆ ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಡಬ್ಬ ಎತ್ತಿಕೊಂಡು ಹೋಗಿ, ಬಾವಿಯ ಮುಂದೆ ಬೆನ್ನು ಬಗ್ಗಿಸಿ, ಬಸ್ಸೇ ತಿರುಗುವಷ್ಟು ದೊಡ್ಡ ಎಂಟು ಹಾಕಿದೆ. ಬೈಕು ತರಲು ತಿರುಗಿದರೆ ಅಮ್ಮ ನಿಂತಿದ್ದರು. ಕೈಯಲ್ಲಿ ಹಾಲಿನ ಪಾಕೆಟ್ಟು, ಕಣ್ಣಲ್ಲಿ ನೀರು.

"ನೀನೇ ಹಾಕಿದ್ದಾ?"

"ಅಮ್ಮ, ಇದು ಬೈಕಿಗೆ."

"ನಾಚ್ಕೊಬೇಡ ಕಣೇ. ಚೆನ್ನಾಗಿದೆ. ಸ್ವಲ್ಪ ಸೊಟ್ಟ ಇದೆ, ಮೊದಲ ಸಲ ಎಲ್ರಿಗೂ ಹಂಗೇ. ಎಷ್ಟು ದಿನ ಹಾಕ್ತೀಯ?"

"ಹತ್ತು ದಿನ," ಎಂದೆ. ಪರೀಕ್ಷೆಯವರೆಗೆ ಎಂಬ ಅರ್ಥದಲ್ಲಿ.

ಈ ಮಾತು ಎದುರು ಮನೆಯ ಅಜ್ಜಿಗೆ ಕೇಳಿಸಿತು. ಈ ಅಜ್ಜಿಯ ವಯಸ್ಸು ಯಾರಿಗೂ ಗೊತ್ತಿಲ್ಲ. ಅರಮನೆ ಕಟ್ಟುವಾಗ ಮೇಸ್ತ್ರಿಗೆ ಬುದ್ಧಿ ಹೇಳಿದ್ದರೆಂದು ನನ್ನ ಅಂದಾಜು. ನಿಧಾನಕ್ಕೆ ಮೆಟ್ಟಿಲಿಳಿದು ಬಂದು ಎಂಟನ್ನು ಒಂದು ಸುತ್ತು ನೋಡಿದರು.

"ಎಂಟು ಅಂದ್ರೆ ಅಷ್ಟಲಕ್ಷ್ಮಿ," ಎಂದರು. "ಹತ್ತು ದಿನ ಅಂತ ಸಂಕಲ್ಪ ಮಾಡ್ಕೊಂಡವ್ಳೆ ಹುಡುಗಿ. ಹಾಲು ಒಳಗಿಟ್ಟು ಬಾರೇ, ಅರಿಶಿನ ಕುಂಕುಮ ತಗೊಂಡು ಬಾ."

"ಅಜ್ಜಿ, ಇದು ಲೈಸೆನ್ಸಿಗೆ. ಇದರ ಮೇಲೆ ಬೈಕು ಓಡಿಸ್ಬೇಕು."

"ಆಯ್ತು ಬುಡು. ನಿಂಗೆ ಯಾವಾಗ್ಲೂ ತಮಾಷೆನೇ."

ದಿನಾ ಉಬ್ಬಿಸಿ ಹೇಳುವುದರಲ್ಲಿ ಇದೊಂದು ಕಷ್ಟ. ನಿಜ ಹೇಳಿದ ದಿನ ಯಾರೂ ಗಿರಾಕಿ ಇರುವುದಿಲ್ಲ. ಎಂಟು ಗಂಟೆಯ ಹೊತ್ತಿಗೆ ನನ್ನ ಎಂಟಿಗೆ ಎರಡೂ ಕಡೆ ಚುಕ್ಕಿ ಬಂದಿತ್ತು, ಬಳ್ಳಿ ಬಂದಿತ್ತು. ಎರಡು ಸುತ್ತುಗಳು ಕೂಡುವ ನಡುಮಧ್ಯದಲ್ಲಿ ಅಜ್ಜಿ ಸ್ವಂತ ಕೈಯಿಂದ ಹಪ್ಪಳದ ತಟ್ಟೆಯಷ್ಟಗಲ ಒಂದು ಕಮಲ ಬರೆದು, ಒಳಗೆ ಕುಂಕುಮ ತುಂಬಿ, ಮೇಲೊಂದು ದಾಸವಾಳ ಇಟ್ಟಿದ್ದರು. ಮರುದಿನ ಬೀದಿಯ ಆರು ಹೆಂಗಸರು ಸ್ನಾನ ಮಾಡಿ ಬಂದು ಎಂಟೆಂಟು ಸುತ್ತು ಹಾಕಿದರು. ಮೂರನೆಯ ದಿನ ಪಕ್ಕದ ಬೀದಿಯವರೂ ಬಂದರು. ನನ್ನ ರಸ್ತೆಗೆ ಟ್ರಾಫಿಕ್ ಜಾಮು, ಅದೂ ಬರಿಗಾಲಿನವರದು.

ನಾನು ಅಜ್ಜಿಯ ಮುಂದೆ ಹೋಗಿ ನಿಂತು ರಾಜಿ ಮಾಡಿಕೊಂಡೆ.

"ಅಜ್ಜಿ, ಅವರೆಲ್ಲ ನಡೆದು ಸುತ್ತು ಹಾಕ್ತಾರೆ. ನಾನು ಬೈಕಲ್ಲಿ ಹಾಕ್ತೀನಿ. ದಿನಾ ಇಪ್ಪತ್ತು."

ಅಜ್ಜಿ ಯೋಚಿಸಿದರು. "ದೇವರೇ ವಾಹನದ ಮೇಲೆ ಬರ್ತಾರೆ. ಹಾಕು. ಗೆರೆ ದಾಟಿದ್ರೆ ದಾಟು, ನಾನು ತಿದ್ಕೋತೀನಿ. ಕಮಲ ಮಾತ್ರ ತುಳಿದ್ಯೋ, ಈ ಕೋಲು ನೋಡ್ಕೊ."

ಹೀಗೆ ಶುರುವಾಯಿತು ನನ್ನ ಅಭ್ಯಾಸ. ಅಜ್ಜಿ ಮುಚ್ಚಿದ ಬಾವಿಯ ಕಲ್ಲಿನ ಮೇಲೆ ಕೋಲು ಹಿಡಿದು ಕೂತು ಸುತ್ತು ಎಣಿಸುವರು. ನಾನು ಮೊದಲ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ, ಹಿಂದಿನ ಬ್ರೇಕು ಸವರುತ್ತಾ ಮೇಲಿನ ಸುತ್ತು ಮುಗಿಸಿ, ನಡುವೆ ಬಂದಾಗ ಹ್ಯಾಂಡಲ್ಲು ಚೂರೇ ಚೂರು ಎಡಕ್ಕೆ ಎಳೆದು, ಕಮಲವನ್ನು ತಪ್ಪಿಸಿ, ಕೆಳಗಿನ ಸುತ್ತಿಗೆ ಬೀಳುವೆ. ಎರಡು ದಿನ ಕಾಲು ಊರಿದೆ. ಮೂರನೆಯ ದಿನ ಒಂದೇ ಸಲ. ನಾಲ್ಕನೆಯ ದಿನ ಇಪ್ಪತ್ತೂ ಸುತ್ತು ಕಾಲು ಫುಟ್‌ರೆಸ್ಟಿನ ಮೇಲೇ ಇತ್ತು. ಎಷ್ಟು ಸಲೀಸಾಯಿತು ಎಂದರೆ ಬಾವಿಯ ಕಟ್ಟೆಯ ಬೆಕ್ಕು ನನ್ನನ್ನು ನೋಡಿ ತಲೆ ಸುತ್ತಿ ಮಲಗಿತು. ಒಂಟಿಕೊಪ್ಪಲು ಭಾನುವಾರ ಬಂದವನು ಇದನ್ನು ನೋಡಿ, ಟ್ಯಾಂಕು ಒರೆಸದೆ ವಾಪಸ್ಸು ಹೋದ.

ಮಾವ ಮಾತ್ರ ಒಂದು ದಿನ ನಿಂತು ನೋಡಿ ಹುಬ್ಬು ಗಂಟಿಕ್ಕಿದರು.

"ನಡುವೆ ಯಾಕಮ್ಮ ಅಂಗೆ ಕುಂಡಿ ಕುಣಿಸ್ತೀಯ?"

"ಕಮಲ ಇದೆಯಲ್ಲ ಮಾವ."

"ಪರೀಕ್ಷೇಲಿ ಇರಲ್ವಲ್ಲ."

"ಇಲ್ದಿದ್ರೆ ಇನ್ನೂ ಸುಲಭ ಅಲ್ವಾ," ಎಂದೆ. ವ್ಯಾನು ಓಡಿಸುವವರಿಗೆ ಎಂಟಿನ ವಿಷಯ ಏನು ಗೊತ್ತು ಎಂದೂ ಮನಸ್ಸಿನಲ್ಲೇ ಸೇರಿಸಿಕೊಂಡೆ.

ಪರೀಕ್ಷೆಯ ದಿನ ಅಪ್ಪ ಎಂದಿನಂತೆ ಒಂಬತ್ತಕ್ಕೆ ಸ್ಕೂಟರ್ ಹತ್ತಿ ಪ್ರೆಸ್ಸಿಗೆ ಹೋದರು. ಹೋಗುವಾಗ ಒಳ್ಳೇದಾಗಲಿ ಎಂದೂ ಹೇಳಲಿಲ್ಲ, ಬೈಕಿನ ಟೈರಿನ ಗಾಳಿ ಒತ್ತಿ ನೋಡಿ ಹೋದರು. ನಾನು ಮಾವನನ್ನು ಹಿಂದೆ ಕೂರಿಸಿಕೊಂಡು ಪರೀಕ್ಷೆ ನಡೆಯುವ ಕೆಂಪು ಮಣ್ಣಿನ ಮೈದಾನಕ್ಕೆ ಹೋದೆ.

ಅಲ್ಲಿ ಸೇರಿದ್ದವರನ್ನು ನೀವು ನೋಡಬೇಕಿತ್ತು. ಒಬ್ಬ ಹೊಸ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ ನಿಂಬೆಹಣ್ಣನ್ನು ಇನ್ನೂ ಬಿಚ್ಚಿರಲಿಲ್ಲ, ಅದು ಒಣಗಿ ಗೋಲಿಯಾಗಿತ್ತು. ಇನ್ನೊಬ್ಬ ಹೆಲ್ಮೆಟು ಹಿಂದುಮುಂದಾಗಿ ಹಾಕಿಕೊಂಡು, ಯಾಕಿಷ್ಟು ಕತ್ತಲು ಎಂದು ಪಕ್ಕದವನನ್ನು ಕೇಳಿದ; ಇದನ್ನು ನಾನು ಸ್ವಲ್ಪ ಎಳೆದಿದ್ದೇನೆ, ಆದರೆ ಸ್ವಲ್ಪವೇ. ಮೀಸೆ ತಿರುವಿಕೊಂಡು ಬಂದ ಒಬ್ಬ ದೊಡ್ಡ ಮನುಷ್ಯ ಎಂಟಿನ ಮೊದಲ ತಿರುವಿನಲ್ಲೇ ಎರಡೂ ಕಾಲು ಊರಿ, ಬೈಕಿನ ಜೊತೆ ನಡೆದುಕೊಂಡೇ ಎಂಟು ಮುಗಿಸಿದ, ಹಸು ಹೊಡೆದುಕೊಂಡು ಹೋದಂತೆ. ಇನ್ಸ್‌ಪೆಕ್ಟರು ಛತ್ರಿಯ ಕೆಳಗೆ ಕುರ್ಚಿ ಹಾಕಿಕೊಂಡು, "ಮುಂದಿನ ತಿಂಗ್ಳು ಬನ್ನಿ ಸರ್," ಎಂದರು. ನಾನು ಎಲ್ಲರಿಗೂ ಕೇಳಿಸುವ ಹಾಗೆ ನಕ್ಕೆ.

ನನ್ನ ಸರದಿ ಬಂತು. ನೆಲದ ಮೇಲೆ ಸುಣ್ಣದ ಎಂಟು. ಚುಕ್ಕಿಯಿಲ್ಲ, ಬಳ್ಳಿಯಿಲ್ಲ, ಬೋಳು. ಕ್ಲಚ್ಚು ಬಿಟ್ಟೆ, ಬೈಕು ಬೆಣ್ಣೆಯ ಹಾಗೆ ಹೊರಟಿತು. ಮೇಲಿನ ಸುತ್ತು ಕಾಂಪಾಸಿನಲ್ಲಿ ಎಳೆದಂತೆ ಬಂತು. ನಡುವಿಗೆ ಬಂದೆ. ಅಲ್ಲಿ ಏನೂ ಇಲ್ಲ ಎಂದು ನನ್ನ ಕಣ್ಣಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಅದು ಅಷ್ಟು ದಿನ ಮಾಡಿದ್ದನ್ನೇ ಮಾಡಿತು, ಚೂರು ಎಡಕ್ಕೆ ಎಳೆಯಿತು. ಅಷ್ಟರಲ್ಲಿ ತಲೆ, ಬೇಡ, ನೇರ ಹೋಗು ಎಂದಿತು. ಕೈ ನಿಂತಿತು, ಮುಂದಿನ ಚಕ್ರ ಸರಿಯಾಗಿ ಆ ಕೂಡುಗೆರೆಯ ಮೇಲೆ ಹತ್ತುವುದರಲ್ಲಿತ್ತು. ಹುಟ್ಟಿದಾಗಿನಿಂದ ರಂಗೋಲಿ ತುಳಿಯದೆ ದಾಟಿ ದಾಟಿ ಬೆಳೆದ ಮೈ ಇದು. ಬಿಳಿ ಗೆರೆಯ ನಡುವನ್ನು ಕಂಡರೆ ತಾನೇ ಹಿಂದೆಗೆಯುತ್ತದೆ. ಬೈಕು ಒಂದು ಕ್ಷಣ ಎಲ್ಲಿಗೂ ಹೋಗದೆ ಓಲಾಡಿತು. ಎಡಗಾಲು ಇಳಿದು ಸುಣ್ಣ ಮುಟ್ಟಿ ಮೇಲೆ ಬಂತು.

ಅಷ್ಟೇ. ಕಣ್ಣು ಮಿಟುಕಿಸುವಷ್ಟು. ಕೆಳಗಿನ ಸುತ್ತು, ಮತ್ತೆ ಮೇಲಿನ ಸುತ್ತು, ಎಲ್ಲ ಮುಗಿಸಿ ಬಂದು ಛತ್ರಿಯ ಮುಂದೆ ನಿಲ್ಲಿಸಿದೆ. ಇನ್ಸ್‌ಪೆಕ್ಟರು ಆಗ ತಾನೇ ಫೋನಿನಿಂದ ತಲೆ ಎತ್ತಿದರು.

"ಕಾಲು ಊರಿದ್ಯೇನಮ್ಮ?"

"ಇಲ್ಲ ಸರ್."

"ಗುಡ್. ನೆಕ್ಸ್ಟ್."

ಮಾವ ಬೈಕಿನ ಹಿಂದೆ ಹತ್ತಿ ಕೂತ ಮೇಲೆ, "ನಾನು ಆ ಕಡೆ ತಿರುಗ್ಕೊಂಡು ಕಡ್ಲೆಕಾಯಿ ತಿಂತಿದ್ದೆ ಕಣಮ್ಮ," ಎಂದರು. ಮಾವನ ಕೈಯಲ್ಲಿ ಕಡಲೆಕಾಯಿ ಇರಲಿಲ್ಲ.

ಮನೆಗೆ ಬಂದಾಗ ಹಜಾರ ತುಂಬಿತ್ತು. ಅಜ್ಜಿ ಒಳ್ಳೆಯ ಕುರ್ಚಿಯಲ್ಲಿ ಕೂತಿದ್ದರು. ಅಮ್ಮ ಕೇಸರಿಬಾತು ಮಾಡಿದ್ದರು. ಒಂಟಿಕೊಪ್ಪಲು ಕೂಡ ಬಂದಿದ್ದ, ಮಡಿಚಿದ ಹೊಸ ಕವರೊಂದನ್ನು ಬೆನ್ನ ಹಿಂದೆ ಇಟ್ಟುಕೊಂಡು. ಬೈಕಿನ ಕೀಯನ್ನು ನಾನು ಟೀಪಾಯಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟು, ಪಾಸು ಎಂದೆ.

ಆಮೇಲೆ ಬಿಟ್ಟೆ ನೋಡಿ. ಮೈದಾನ ಎರಡು ಫುಟ್‌ಬಾಲ್ ಮೈದಾನದಷ್ಟಾಯಿತು. ಕ್ಯೂನಲ್ಲಿದ್ದವರು ಇನ್ನೂರು ಜನರಾದರು. ನನ್ನ ಎಂಟು ನೋಡಿ ಇನ್ಸ್‌ಪೆಕ್ಟರು ಛತ್ರಿ ಮಡಚಿ ಎದ್ದು ನಿಂತರು. ಮೀಸೆಯವನು ಬಂದು, ತಂಗಿ, ಎಲ್ಲಿ ಕಲಿತೆ ಎಂದು ಕೇಳಿದ.

"ನೀ ಏನಂದೆ?" ಎಂದರು ಅಜ್ಜಿ.

"ನಮ್ಮ ಬೀದಿ ಅಜ್ಜಿ ಹತ್ರ ಅಂದೆ."

ಅಜ್ಜಿ ಸೆರಗು ಸರಿಮಾಡಿಕೊಂಡರು. "ಅಷ್ಟಲಕ್ಷ್ಮಿ ಸುಮ್ನೆ ಅಲ್ಲ ಕಣೇ," ಎಂದು ಅಮ್ಮನಿಗೆ ಹೇಳಿದರು.

ಮಾವ ಗೋಡೆಯ ಕ್ಯಾಲೆಂಡರಿನಲ್ಲಿ ರಜೆಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

"ಪಾಸ್ ಆಗೋದು ಬೇರೆ," ಎಂದ ಒಂಟಿಕೊಪ್ಪಲು. "ಕಾಲು ಊರ್ಲಿಲ್ವಾ? ದೊಡ್ಡಪ್ಪ ಹೇಳಿದ್ದು ಅದು."

"ಕಾಲಾ? ನಂಗೆ ಕಾಲಿದೆ ಅಂತ ಜ್ಞಾಪಕ ಬಂದಿದ್ದೇ ಇಳಿಬೇಕಾದಾಗ. ನಿನ್ನ ಥರ ಬೂಟು ಸವೆಸ್ಕೊಂಡು ಎಂಟು ಹಾಕೋರು ಯಾರೋ ಇರಬೋದು. ನಾಳೆಯಿಂದ ಕಾಲೇಜಿಗೆ ಹೋಗ್ತಾ ಒಂಟಿಕೊಪ್ಪಲ್ ಮೇಲೇ ಹೋಗ್ತೀನಿ, ಬೇಕಾದ್ರೆ ಬಸ್ ಸ್ಟಾಪ್‌ವರೆಗೆ ಬಿಡ್ತೀನಿ."

ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ನಾನು ಎದ್ದು ನಿಂತು, ಟೀಪಾಯಿಯನ್ನೇ ಎಂಟಿನ ನಡುಮಧ್ಯ ಮಾಡಿಕೊಂಡು, ಹ್ಯಾಂಡಲ್ಲು ಹಿಡಿದ ಹಾಗೆ ಕೈ ಚಾಚಿ, ನಡುವನ್ನು ಹೇಗೆ ದಾಟಿದೆ ಎಂದು ಬಾಗಿ ತೋರಿಸುತ್ತಿದ್ದೆ.

ಬಾಗಿಲು ತೆರೆಯಿತು. ಅಪ್ಪ. ಮಧ್ಯಾಹ್ನ ಒಂದೂವರೆ, ಪ್ರೆಸ್ಸು ಬಿಡುವುದು ಆರಕ್ಕೆ. ಕೈಯಲ್ಲಿ ಹೆಲ್ಮೆಟು, ಚಪ್ಪಲಿಯ ಮೇಲೆ ಕೆಂಪು ಧೂಳು. ನಮ್ಮ ಬೀದಿಯಲ್ಲೂ ಅವರ ಪ್ರೆಸ್ಸಿನ ದಾರಿಯಲ್ಲೂ ಎಲ್ಲಿಯೂ ಕೆಂಪು ಧೂಳಿಲ್ಲ. ನನ್ನ ಶೂ ಮೇಲೂ ಅದೇ ಧೂಳಿತ್ತು.

"ನೀರು ಕೊಡು," ಎಂದರು ಅಮ್ಮನಿಗೆ. ನಿಂತೇ ಕುಡಿದರು. ಲೋಟವನ್ನು ಟೀಪಾಯಿಯ ಮೇಲೆ, ಕೀ ಪಕ್ಕದಲ್ಲಿಟ್ಟರು.

"ನಡುಮಧ್ಯದಲ್ಲಿ," ಎಂದರು. "ಎಡಗಾಲು."

"ಇನ್ಸ್‌ಪೆಕ್ಟರೇ ಪಾಸ್ ಅಂದ್ರು ಅಪ್ಪ."

"ಅವರು ಕೊಟ್ಟಿದ್ದು ಲೈಸೆನ್ಸು. ಅದು ನಿಂದೇ, ಇಟ್ಕೊ."

ಕೀ ಎತ್ತಿಕೊಂಡು ಒಂಟಿಕೊಪ್ಪಲಿನ ಕೈಗೆ ಕೊಟ್ಟು, ಚಪ್ಪಲಿ ಬಿಡಲು ಹೊರಗೆ ಹೋದರು.